ಆಕಿ ಬಿದ್ದಿಲ್ಲ

ಗದಿಗೆಮ್ಮಳಿಗೆ ಆಸ್ಪತ್ರೆಯವರು ಇಟ್ಟ ಹೆಸರು ‘ಕೋಪಂ ಸಿಸ್ಟರ್’. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಬೆನ್ನ ಹಿಂದೆ ಮಾತ್ರ, ನೆಲ ಒರೆಸುವವರಿಂದ ಹಿಡಿದು ದೊಡ್ಡ ಡಾಕ್ಟರರ ತನಕ, ಅದೇ ಹೆಸರು. ಒಮ್ಮೆ ಲಿಫ್ಟಿನಲ್ಲಿ ಇಬ್ಬರು ಹೊಸ ನರ್ಸುಗಳು ಅವಳು ಹಿಂದೆ ನಿಂತಿದ್ದನ್ನು ನೋಡದೆ ಆ ಹೆಸರು ಆಡಿ ನಕ್ಕರು. ಗದಿಗೆಮ್ಮ ತನ್ನ ಮಹಡಿ ಬಂದಾಗ ಇಬ್ಬರ ನಡುವೆ ಹಾದು ಹೊರಗೆ ಬಂದು, ಕೋಪಕ್ಕೆ ಕಾರಣ ಬೇಕಿದ್ದರೆ ಬಂದು ಕೇಳಿ, ಒಂದು ಪಾಳಿಯಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ ಎಂದು ತೆಲುಗಿನಲ್ಲಿ ಹೇಳಿ ಹೋದಳು.

ಅವಳ ಅಪ್ಪ ಸುರಪುರದ ಕಡೆಯಿಂದ ಮಣ್ಣು ಅಗೆಯುವ ಗ್ಯಾಂಗಿನ ಜೊತೆ ಹೈದರಾಬಾದಿಗೆ ಬಂದವನು. ಉಪ್ಪಲ್ ಆಗ ಅರ್ಧ ಹೊಲ, ಅರ್ಧ ಕಾರ್ಖಾನೆ. ಅವಳು ಹುಟ್ಟಿದ್ದು ತಗಡಿನ ಶೆಡ್ಡಿನಲ್ಲಿ, ಓದಿದ್ದು ತೆಲುಗು ಶಾಲೆಯಲ್ಲಿ. ಕನ್ನಡ ಅವಳಿಗೆ ನಾಲಿಗೆಯ ಮೇಲಿತ್ತು, ಕೈಯಲ್ಲಿರಲಿಲ್ಲ. ಮಾತಾಡಲು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಹಟ ಹಿಡಿದು ನರ್ಸಿಂಗ್ ಕಲಿತಳು. ನಗರದ ಪೂರ್ವಕ್ಕಿರುವ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಬೇಗಂಪೇಟೆಯ ಆಫೀಸು ಕಟ್ಟಡಗಳಲ್ಲಿ ಲಿಫ್ಟ್ ರಿಪೇರಿ ಮಾಡುವ ಮೌನಪ್ಪನ ಜೊತೆ ಮದುವೆಯಾಯಿತು. ಮೌನಪ್ಪ ಹೆಸರಿಗೆ ತಕ್ಕ ಹಾಗೆ ಮಾತು ಕಮ್ಮಿ. ಈ ಮನೆಯ ಪಾಲಿನ ಸಿಟ್ಟನ್ನೆಲ್ಲ ಆಕೆಯೇ ವಹಿಸಿಕೊಂಡಿದ್ದಾಳೆ, ನನಗೇನೂ ಉಳಿದಿಲ್ಲ ಎಂದು ಅವನು ನೆಂಟರ ಮುಂದೆ ಹೇಳುವುದುಂಟು.

ಹುಟ್ಟಾ ಅವಳು ಸಿಟ್ಟಿನವಳಲ್ಲ. ಸಿಟ್ಟು ಬಂದ ದಿನ ಅವಳಿಗೆ ನೆನಪಿದೆ.

ಅದರ ಬೇರು ಇರುವುದು 2001ರಲ್ಲಿ. ತೆಲಂಗಾಣ ಇನ್ನೂ ಬೇರೆ ರಾಜ್ಯ ಆಗಿರಲಿಲ್ಲ. ಗದಿಗೆಮ್ಮ ಕೆಲಸಕ್ಕೆ ಸೇರಿ ಎರಡು ವರ್ಷ. ಪೊಲೀಸರು ಒಬ್ಬ ಹೆಂಗಸನ್ನು ಕರೆತಂದರು. ಕಲ್ಲಿನ ಕ್ವಾರಿಯಲ್ಲಿ ಕೆಲಸ ಮಾಡುವವಳು, ಎರಡು ಮಕ್ಕಳ ತಾಯಿ. ಇಂಥವರ ಹೆಸರು ಬರೆಯಬಾರದೆಂದು ಕಾನೂನಿದೆ. ಕಾನೂನು ಇಲ್ಲದಿದ್ದರೂ ಗದಿಗೆಮ್ಮ ಬರೆಯಗೊಡುವುದಿಲ್ಲ. ಇವಳನ್ನು ಅಂಬುಬಾಯಿ ಎಂದು ಕರೆಯೋಣ. ಮುಂದೆ ಬರುವ ಇನ್ನೊಬ್ಬಳ ಹೆಸರೂ ಹೀಗೆಯೇ ಬದಲಿಸಿದ್ದು.

ಕ್ವಾರಿಯ ಇಬ್ಬರು ಗಂಡಸರು ಅಂಬುಬಾಯಿಯ ಮೇಲೆ ಬಿದ್ದಿದ್ದರು. ಪರೀಕ್ಷೆ ಮಾಡಿದವರು ಒಬ್ಬ ಹಿರಿಯ ಡಾಕ್ಟರು. ಗದಿಗೆಮ್ಮಳ ಕೆಲಸ ದೀಪ ಹಿಡಿದು ನಿಲ್ಲುವುದು. ಡಾಕ್ಟರು ಅಂಬುಬಾಯಿಗೆ ಒಂದು ಮಾತೂ ಹೇಳಲಿಲ್ಲ, ಕೇಳಲಿಲ್ಲ. ಆಗ ಎಲ್ಲ ಕಡೆ ನಡೆಯುತ್ತಿದ್ದ ‘ಎರಡು ಬೆರಳಿನ ಪರೀಕ್ಷೆ’ ಮಾಡಿ, ಕೈ ತೊಳೆದುಕೊಂಡು, ಈಕೆಗೆ ಸಂಭೋಗ ರೂಢಿ ಇದೆ ಎಂದು ಇಂಗ್ಲಿಷಿನಲ್ಲಿ ಬರೆದರು. ಎರಡು ಮಕ್ಕಳನ್ನು ಹೆತ್ತವಳ ಬಗ್ಗೆ ಅದನ್ನು ಕಂಡುಹಿಡಿಯಲು ಬೆರಳು ಬೇಕಿತ್ತೇ, ಅವಳ ಮೇಲಾದ ಅನ್ಯಾಯಕ್ಕೂ ಅದಕ್ಕೂ ಏನು ಸಂಬಂಧ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಗದಿಗೆಮ್ಮಳೂ ಕೇಳಲಿಲ್ಲ.

ಪರೀಕ್ಷೆಯ ನಡುವೆ ಅಂಬುಬಾಯಿ ತಲೆ ಹೊರಳಿಸಿ ಅವಳನ್ನು ನೋಡಿದ್ದಳು. ಯಾರೋ ಗದಿಗೆಮ್ಮ ಎಂದು ಕೂಗಿದ್ದು ಕಿವಿಗೆ ಬಿದ್ದಿರಬೇಕು. “ನೀ ನಮ್ಮ ಕಡ್ಯಾಕಿ ಅಲ್ಲೇನ ತಂಗಿ?” ಎಂದಳು. “ಇವ್ರು ನನಗ ಏನ್ ಮಾಡಾಕತ್ತಾರ, ಅದರೆ ಹೇಳ.”

ರೋಗಿಯ ಜೊತೆ ಮಾತಾಡಬಾರದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಗದಿಗೆಮ್ಮ ದೀಪ ನೋಡುತ್ತ ನಿಂತಳು.

ಎರಡು ವರ್ಷದ ಮೇಲೆ ಪರಿಚಯದ ಕಾನ್‌ಸ್ಟೇಬಲ್ ಒಬ್ಬ ಆಸ್ಪತ್ರೆಗೆ ಬಂದಾಗ, ಆ ಕ್ವಾರಿ ಕೇಸು ಬಿದ್ದುಹೋಯಿತು ಎಂದು ಹೇಳಿದ. ಡಾಕ್ಟರರ ಒಂದು ಸಾಲು ಹಿಡಿದುಕೊಂಡು ಆ ಕಡೆಯ ವಕೀಲ ಅಂಬುಬಾಯಿಯ ನಡತೆಯನ್ನು ಒಂದು ದಿನವಿಡೀ ಕೋರ್ಟಿನಲ್ಲಿ ಜಾಲಾಡಿದನಂತೆ. ಇಬ್ಬರೂ ಬಿಡುಗಡೆಯಾದರು. ಆ ದಿನ ಗದಿಗೆಮ್ಮಳಿಗೆ ಮೊದಲು ಬಂದ ಸಿಟ್ಟು ಡಾಕ್ಟರರ ಮೇಲಲ್ಲ. ದೀಪ ಹಿಡಿದು ನಿಂತವಳ ಮೇಲೆ. ಅದು ಇಂದಿಗೂ ಇಳಿದಿಲ್ಲ.

ಆಮೇಲೆ ಅವಳು ಓದತೊಡಗಿದಳು. ಹತ್ತು ಹನ್ನೆರಡು ವರ್ಷಗಳಲ್ಲಿ ಕಾನೂನು ಬದಲಾಯಿತು. ಎರಡು ಬೆರಳಿನ ಪರೀಕ್ಷೆ ಹೆಣ್ಣಿನ ಮಾನಕ್ಕೆ ಕುಂದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಅತ್ಯಾಚಾರಕ್ಕೊಳಗಾದವರು ಬಂದರೆ ಯಾವ ಆಸ್ಪತ್ರೆಯೇ ಆಗಲಿ, ಸರ್ಕಾರಿಯೋ ಖಾಸಗಿಯೋ, ತಕ್ಷಣ ಪುಕ್ಕಟೆ ಚಿಕಿತ್ಸೆ ಕೊಡಬೇಕು ಎಂದು ಕಾನೂನು ಬಂತು. ಕೊಡದಿದ್ದರೆ ಜೈಲು ಎಂದೂ ಬಂತು. ಪೊಲೀಸ್ ಕಾಗದ ತಂದರೆ ಮಾತ್ರ ಮುಟ್ಟುತ್ತೇನೆ ಎನ್ನುವಂತಿಲ್ಲ. ಪ್ರತಿ ಹೆಜ್ಜೆಗೂ ಆಕೆಯ ಒಪ್ಪಿಗೆ ಬೇಕು. ಕೇಂದ್ರ ಸರ್ಕಾರ ಹೊರಡಿಸಿದ ನಿಯಮದ ಪುಸ್ತಕವನ್ನು ಗದಿಗೆಮ್ಮ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಮೂರು ತಿಂಗಳು ಓದಿದಳು. ಕಾನೂನು ಬದಲಾದರೂ ಆಸ್ಪತ್ರೆ ಬದಲಾಗಿಲ್ಲ ಎಂಬುದು ಓದಿ ಮುಗಿಸಿದ ವಾರವೇ ಗೊತ್ತಾಯಿತು. ಅಲ್ಲಿಂದ ಜಗಳ ಶುರು. ಪರದೆ ಇಲ್ಲದ ಕೋಣೆಗೆ ಜಗಳ, ಗುಳಿಗೆ ಮುಗಿದಿದೆ ಎಂದ ಸ್ಟೋರಿನವನ ಜೊತೆ ಜಗಳ, ಸಂತ್ರಸ್ತೆಯನ್ನು ನೋಡಲು ನೆಪ ಹುಡುಕಿ ಇಣುಕುವವರ ಜೊತೆ ಜಗಳ. ಹೆಸರು ಬಂದದ್ದು ಆಗ.

2023ರ ಫೆಬ್ರುವರಿಯ ಒಂದು ಮಂಗಳವಾರ, ಬೆಳಿಗ್ಗೆ ಹತ್ತೂವರೆ. ತುರ್ತು ವಿಭಾಗಕ್ಕೆ ಒಬ್ಬ ಗಂಡಸು ಒಬ್ಬ ಹೆಣ್ಣುಮಗಳನ್ನು ಕರೆದುಕೊಂಡು ಬಂದ. ಅವಳಿಗೆ ಇಪ್ಪತ್ತನಾಲ್ಕು ವರ್ಷ. ಯಾದಗಿರಿ ಕಡೆಯವಳು. ಉಪ್ಪಲ್ ದಾಟಿ ಏಳುತ್ತಿದ್ದ ಅಪಾರ್ಟ್‌ಮೆಂಟೊಂದರಲ್ಲಿ ಸಿಮೆಂಟು ಹೊರುವ ಕೆಲಸ. ರೇಣುಕಾ ಎನ್ನೋಣ. ಕರೆತಂದವನು ಅವಳದೇ ಊರಿನ ಮೇಸ್ತ್ರಿ ಮಲ್ಲಣ್ಣ. ಊರಿನಿಂದ ನಲವತ್ತು ಮಂದಿಯನ್ನು ಆ ಕೆಲಸಕ್ಕೆ ತಂದವನು ಅವನೇ. ರೇಣುಕಾಳ ಗಂಡ ಗುರುಶಾಂತ, ತಾಯಿಗೆ ಕಾಯಿಲೆ ಎಂದು ಊರಿಗೆ ಹೋಗಿದ್ದ.

ಡ್ಯೂಟಿಯಲ್ಲಿದ್ದ ಡಾಕ್ಟರು ಸಿಂಚನಾ, ಇನ್ನೂ ಓದುತ್ತಿರುವ ಹುಡುಗಿ, ವಾರಂಗಲ್ಲಿನವಳು, ಕನ್ನಡ ಬಾರದು. ಏನಾಯಿತು ಎಂದು ತೆಲುಗಿನಲ್ಲಿ ಕೇಳಿದಳು. ಮಲ್ಲಣ್ಣ ರೇಣುಕಾಳ ಕಡೆ ತಿರುಗಿ, ಏನಾಯಿತೆಂದು ಕೇಳುತ್ತಿದ್ದಾರೆ ಎಂದ.

ಗದಿಗೆಮ್ಮ ಪಕ್ಕದ ಮಂಚದ ಮುದುಕನಿಗೆ ಸಲೈನ್ ಏರಿಸುತ್ತಿದ್ದಳು. ಬೆನ್ನ ಹಿಂದೆ ಕನ್ನಡ ಕೇಳಿಸಿತು.

“ಸೂಪರ್‌ವೈಸರ್ ಸಿಮೆಂಟ್ ಒಯ್ಯಾಕ ಬಾ ಅಂತ ಸ್ಟೋರಿಗೆ ಕರದ,” ರೇಣುಕಾ ನೆಲ ನೋಡುತ್ತ ಹೇಳಿದಳು. “ನಾ ಒಳಗ ಹೋದ ಮ್ಯಾಲ ಬಾಗ್ಲಾ ಹಾಕಿದ. ಒದರಿದ್ನಿ. ಮಿಕ್ಸರ್ ಸಪ್ಪಳದಾಗ ಯಾರಿಗೂ ಕೇಳ್ಲಿಲ್ಲ. ನನ್ನ ಕೆಡಿಸ್ಯಾನ.”

ಮಲ್ಲಣ್ಣ ಡಾಕ್ಟರ ಕಡೆ ತಿರುಗಿದ. ಮೆಟ್ಟಿಲಿನ ಮೇಲೆ ಕಾಲು ಜಾರಿ ಬಿದ್ದಳಂತೆ ಮೇಡಂ, ಮೈಕೈ ನೋವು ಅನ್ನುತ್ತಿದ್ದಾಳೆ, ಒಂದು ಇಂಜೆಕ್ಷನ್ ಕೊಟ್ಟರೆ ಸಾಕು ಎಂದ. ತೆಲುಗು ಚೊಕ್ಕವಾಗಿತ್ತು. ಸಿಂಚನಾ ತಲೆಯಾಡಿಸಿ ಚೀಟಿಯ ಮೇಲೆ ‘ಬಿದ್ದು ಪೆಟ್ಟು’ ಎಂದು ಬರೆದಳು.

ಗದಿಗೆಮ್ಮ ಸೂಜಿಗೆ ಪಟ್ಟಿ ಅಂಟಿಸಿ ಮುಗಿಸಿದಳು. ಆಮೇಲೆ ನಾಲ್ಕು ಹೆಜ್ಜೆ ಇಟ್ಟು ಮಲ್ಲಣ್ಣನ ಎದುರು ನಿಂತಳು.

“ಆಕಿ ಬಿದ್ದಿಲ್ಲ,” ಎಂದಳು.

ಮಲ್ಲಣ್ಣನ ಮುಖದ ಬಣ್ಣ ಇಳಿಯಿತು. ಕನ್ನಡ ಬರುವವರು ಇಲ್ಲಿ ಇದ್ದಾರು ಎಂದು ಅವನು ಎಣಿಸಿರಲಿಲ್ಲ. ಮರುಗಳಿಗೆ ದನಿ ತಗ್ಗಿಸಿ ನಯವಾಗಿ ಮಾತಾಡಿದ. “ಅಕ್ಕಾರ, ನೀವು ನಮ್ಮ ಕಡ್ಯಾರೇ ಅದೀರಿ. ನಮ್ಮ ಮಂದಿ ಮಾತು ನಮ್ಮೊಳಗ ಇರ್ಲಿ. ನಲವತ್ತು ಮಂದಿ ಹೊಟ್ಟಿ ಐತಿ ಆ ಸೈಟಿನಾಗ. ಸೂಪರ್‌ವೈಸರ್ ಹೆಸರು ಬಂದ್ರ ನಾಳೆ ಎಲ್ಲಾರ್ನೂ ಓಡಸ್ತಾರ.”

“ನಲವತ್ತು ಮಂದ್ಯಾಗ ಆಕಿನೂ ಒಬ್ಬಾಕಿ ಅಲ್ಲೇನ? ಆಕಿ ಹೊಟ್ಟಿ ಹೊಟ್ಟಿ ಅಲ್ಲೇನ?” ಗದಿಗೆಮ್ಮಳ ದನಿ ಏರಲಿಲ್ಲ. ಸಿಟ್ಟು ಬಹಳ ಬಂದಾಗ ಅವಳ ದನಿ ಇಳಿಯುತ್ತದೆ. “ಆಕಿ ಫೋನು, ಆಧಾರ್ ಕಾರ್ಡು ನಿನ್ನ ಕಿಸೇದಾಗ ಅದಾವಲ್ಲ, ಆ ಮೇಜಿನ ಮ್ಯಾಲ ಇಡು. ಇಟ್ಟು ಹೊರಗ ನಡಿ.”

ಅವನು ಇಟ್ಟ. ಕಿಸೆಯಲ್ಲಿ ಇವೆ ಎಂದು ಗದಿಗೆಮ್ಮಳಿಗೆ ಹೇಗೆ ಗೊತ್ತಾಯಿತೆಂದು ಸಿಂಚನಾ ಆಮೇಲೆ ಕೇಳಿದಳು. ಯಾವಾಗಲೂ ಅವರ ಕಿಸೆಯಲ್ಲೇ ಇರುತ್ತವೆ ಎಂದಳು ಗದಿಗೆಮ್ಮ.

ನಡೆದದ್ದನ್ನು ತೆಲುಗಿನಲ್ಲಿ ತಿಳಿಸಿದ ಮೇಲೆ ಸಿಂಚನಾ ಹೆದರಿದಳು. ಹಾಗಿದ್ದರೆ ಮೊದಲು ಪೊಲೀಸ್ ಕಾಗದ ಬೇಕಲ್ಲ, ಅದಿಲ್ಲದೆ ಮುಟ್ಟಿದರೆ ನಮ್ಮ ತಲೆಗೆ ಬರುತ್ತದೆ ಎಂದು ಹಿರಿಯರು ಹೇಳಿದ್ದಾರೆ ಎಂದಳು. ಗದಿಗೆಮ್ಮ ಚೀಲದಿಂದ ನಿಯಮದ ಪುಸ್ತಕ ತೆಗೆದು ಆ ಪುಟ ಬಿಚ್ಚಿ ಅವಳ ಮುಂದೆ ಇಟ್ಟಳು. ಮುಟ್ಟಿದರೆ ಅಲ್ಲ, ಮುಟ್ಟದಿದ್ದರೆ ನಿನ್ನ ತಲೆಗೆ ಬರುತ್ತದೆ ಎಂದಳು. ಪೊಲೀಸರಿಗೆ ತಿಳಿಸುವುದು ನಮ್ಮ ಕೆಲಸ, ಕಾಗದ ತರುವುದು ಅವಳ ಕೆಲಸ ಅಲ್ಲ.

ಕೋಣೆಯ ಬಾಗಿಲು ಹಾಕಿ, ಪರದೆ ಎಳೆದು, ಗದಿಗೆಮ್ಮ ಸ್ಟೂಲು ಎಳೆದುಕೊಂಡು ರೇಣುಕಾಳಿಗಿಂತ ತಗ್ಗಿನಲ್ಲಿ ಕೂತಳು. ಮುಂದೆ ಏನೇನು ಮಾಡಬಹುದು ಎಂದು ಒಂದೊಂದಾಗಿ ಹೇಳಿದಳು. ಗರ್ಭ ನಿಲ್ಲದ ಹಾಗೆ ಗುಳಿಗೆ. ರೋಗ ಅಂಟದ ಹಾಗೆ ಇಪ್ಪತ್ತೆಂಟು ದಿನದ ಗುಳಿಗೆ, ಒಂದು ದಿನವೂ ತಪ್ಪಿಸುವಂತಿಲ್ಲ. ಗಾಯ ನೋಡುವುದು, ಬರೆಯುವುದು, ಸಾಕ್ಷಿಗೆ ಬೇಕಾದ್ದನ್ನು ತೆಗೆದುಕೊಳ್ಳುವುದು.

“ಪೊಲೀಸರಿಗೆ ಹೇಳಾಕ ಬೇಕೇನ್ರಿ?” ರೇಣುಕಾ ಕೇಳಿದಳು.

“ದವಾಖಾನಿ ಒಂದು ಚೀಟಿ ಕಳಸ್ತೈತಿ. ಕೇಸ್ ಮಾಡೂದು ಬಿಡೂದು ನಿನ್ನ ಇಚ್ಛಾ. ಮಾಡಿದ್ರೂ ಔಷಧ ಸಿಗತೈತಿ, ಮಾಡ್ದಿದ್ರೂ ಸಿಗತೈತಿ. ನಡುವ ಎಲ್ಲೆರ ಬ್ಯಾಡ ಅನಿಸಿದ್ರ ಬ್ಯಾಡ ಅನ್ನು. ಅಲ್ಲಿಗೇ ನಿಲ್ಲಸ್ತೀವಿ.”

ರೇಣುಕಾ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕೂತಳು. ಆಮೇಲೆ ಬರೆಯಿರಿ ಎಂದಳು.

ಏನು ನಡೆಯಿತು ಎಂಬುದನ್ನು ಆಕೆಯ ಮಾತಿನಲ್ಲೇ ಬರೆಯಬೇಕು ಎಂದು ನಿಯಮ. ಸಿಂಚನಾಗೆ ಕನ್ನಡ ತಿಳಿಯದು. ಗದಿಗೆಮ್ಮಳಿಗೆ ಕನ್ನಡ ಅಕ್ಷರ ಬಾರದು. ತೆಲುಗಿಗೆ ತಿರುಗಿಸಿ ಬರೆದರಾಯಿತು ಎಂದಳು ಸಿಂಚನಾ. ಒಬ್ಬ ಆಗಲೇ ತಿರುಗಿಸಿದ್ದಾನೆ, ಸಾಕು ಎಂದಳು ಗದಿಗೆಮ್ಮ. ರೇಣುಕಾ ಆಡಿದ ಕನ್ನಡವನ್ನು ಅವಳು ತೆಲುಗು ಅಕ್ಷರದಲ್ಲಿ, ಒಂದು ಮಾತೂ ಬಿಡದೆ, ಮಿಕ್ಸರ್ ಸಪ್ಪಳವನ್ನೂ ಬಿಡದೆ, ಬರೆದುಕೊಂಡಳು. ಕೆಳಗೆ ತೆಲುಗಿನ ಅರ್ಥ. ಅದರ ಕೆಳಗೆ ರೇಣುಕಾಳ ಹೆಬ್ಬೆರಳು, ಸಿಂಚನಾಳ ಸಹಿ, ಅವಳ ಸಹಿ.

ಪರೀಕ್ಷೆಗೆ ತೆಗೆದ ಅಚ್ಚಿನ ಫಾರಂ ಹಳೆಯದು. ಕನ್ಯಾಪೊರೆ ಹೇಗಿದೆ, ಸಂಭೋಗ ರೂಢಿ ಇದೆಯೇ ಎಂಬ ಕಲಮುಗಳು ಅದರಲ್ಲಿ ಹಾಗೇ ಇದ್ದವು. ಸುಪ್ರೀಂ ಕೋರ್ಟ್ ಹೇಳಿ ಹತ್ತು ವರ್ಷ. ಹಳೆಯ ಕಟ್ಟು ಮುಗಿಯುವ ತನಕ ಹೊಸದು ತರಿಸುವುದಿಲ್ಲ ಎಂದು ಆಫೀಸಿನವರು ಕೂತಿದ್ದರು. ಗದಿಗೆಮ್ಮ ಪೆನ್ನು ತೆಗೆದು ಆ ಸಾಲುಗಳನ್ನು ಹೊಡೆದು ಹಾಕಿದಳು. ಎಷ್ಟು ಒತ್ತಿದಳೆಂದರೆ ಕಾಗದ ಹರಿಯಿತು. ಬೇರೆ ಫಾರಂ ತೆಗೆದು ಈ ಸಲ ಮೆಲ್ಲಗೆ ಹೊಡೆದಳು.

ನಡುವೆ ಒಮ್ಮೆ ರೇಣುಕಾ ಬೇಡ ಎಂದಳು. ಸಿಂಚನಾ ಇನ್ನೊಂದು ನಿಮಿಷ ಅಷ್ಟೇ ಎನ್ನಲು ಹೋದವಳು ಗದಿಗೆಮ್ಮಳ ಮುಖ ನೋಡಿ ಕೈ ತೆಗೆದಳು. ರೇಣುಕಾಳಿಗೆ ಹೊದಿಕೆ ಹೊದಿಸಿ ಚಹಾ ಕೊಟ್ಟರು. ಅವಳು ಅರ್ಧ ಲೋಟ ಕುಡಿದು, ಬೇಡ ಅಂದರೆ ನಿಜಕ್ಕೂ ನಿಲ್ಲಿಸುತ್ತಾರೇನು ಎಂದು ನೋಡಿದೆ ಎಂದಳು. ಇಪ್ಪತ್ತು ನಿಮಿಷದ ಮೇಲೆ ಅವಳೇ ಮಾಡಿರಿ ಎಂದಳು. ಬಟ್ಟೆಗಳನ್ನು ಸಾಕ್ಷಿಗೆ ಕಟ್ಟಿಡಬೇಕಿತ್ತು. ಗದಿಗೆಮ್ಮ ತನ್ನ ಲಾಕರಿನಲ್ಲಿ ಅದಕ್ಕೆಂದೇ ಇಟ್ಟಿರುತ್ತಿದ್ದ ಹತ್ತಿಯ ಸೀರೆಯೊಂದನ್ನು ತಂದು ಉಡಿಸಿದಳು.

ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯ ಆಡಳಿತ ನೋಡುವ ಡಾಕ್ಟರು ಸೂರ್ಯನಾರಾಯಣ ಕರೆಕಳಿಸಿದರು. ಅಪಾರ್ಟ್‌ಮೆಂಟು ಕಟ್ಟಿಸುತ್ತಿದ್ದವರು ಯಾರಿಗೋ ಫೋನ್ ಮಾಡಿ, ಆ ಯಾರೋ ಇವರಿಗೆ ಮಾಡಿದ್ದರು. ಸೂರ್ಯನಾರಾಯಣ ಕೂಗಾಡುವವರಲ್ಲ. ಕೂರು ಎಂದರು. ತುರ್ತು ವಿಭಾಗದ ಮೊದಲ ಚೀಟಿಯಲ್ಲಿ ‘ಬಿದ್ದು ಪೆಟ್ಟು’ ಎಂದಿದೆಯಲ್ಲ, ಎರಡು ಕಾಗದ ಎರಡು ಥರ ಹೇಳಿದರೆ ಆಸ್ಪತ್ರೆಗೆ ಕೆಟ್ಟ ಹೆಸರು, ಮೊದಲನೆಯದನ್ನೇ ಉಳಿಸಿಕೊಂಡರೆ ಎಲ್ಲರಿಗೂ ಒಳ್ಳೆಯದು ಎಂದರು. ಆ ಹುಡುಗಿಗೂ ಒಳ್ಳೆಯದು, ನಾಳೆ ಊರಿನಲ್ಲಿ ತಲೆಯೆತ್ತಿ ತಿರುಗಬೇಕಲ್ಲ ಎಂದರು.

ಗದಿಗೆಮ್ಮ ಕೂರಲಿಲ್ಲ. ತಲೆ ತಗ್ಗಿಸುವ ಕೆಲಸ ಅವಳೇನೂ ಮಾಡಿಲ್ಲ ಸರ್ ಎಂದಳು. ನೀವು ಈಗ ಹೇಳಿದ ಮಾತನ್ನು ಒಂದು ಕಾಗದದ ಮೇಲೆ ಬರೆದು ಸಹಿ ಮಾಡಿಕೊಟ್ಟರೆ ಅದನ್ನೂ ಫೈಲಿಗೆ ಸೇರಿಸುತ್ತೇನೆ ಎಂದಳು. ಅವರು ಬರೆದುಕೊಡಲಿಲ್ಲ.

ಪೊಲೀಸರು ಮೂರು ಗಂಟೆಗೆ ಬಂದರು. ಅವರಲ್ಲಿ ಒಬ್ಬಳು ಹೆಂಗಸು. ಹೆಂಗಸು ಬಂದಳಲ್ಲ ಎಂದು ಗದಿಗೆಮ್ಮಳಿಗೆ ಒಂದು ಗಳಿಗೆ ಸಮಾಧಾನವಾಗಿತ್ತು. ಅವಳು ಕೇಳಿದ ಮೊದಲ ಪ್ರಶ್ನೆ, ಒಬ್ಬಳೇ ಸ್ಟೋರ್ ರೂಮಿಗೆ ಯಾಕೆ ಹೋದೆ ಎಂದು. ಗದಿಗೆಮ್ಮ ಅದನ್ನು ಕನ್ನಡಕ್ಕೆ ತಿರುಗಿಸಲಿಲ್ಲ. ಕೂಲಿಗೆ ಹೋದವಳು ಸಿಮೆಂಟು ತಾ ಎಂದರೆ ಸಿಮೆಂಟು ಇರುವಲ್ಲಿಗೆ ಹೋಗುತ್ತಾಳೆ, ಈ ಪ್ರಶ್ನೆಗೆ ನಾನೇ ಉತ್ತರ ಕೊಟ್ಟಿದ್ದೇನೆ, ಮುಂದಿನದನ್ನು ಕೇಳಿ ಎಂದಳು. ಪೊಲೀಸಿನವಳು ಸಿಟ್ಟಾದಳು. ಆದರೂ ಮುಂದಿನದನ್ನು ಕೇಳಿದಳು.

ಮೂರನೆಯ ದಿನ ಗುರುಶಾಂತ ಊರಿನಿಂದ ಬಂದ. ಗದಿಗೆಮ್ಮ ಎಷ್ಟೋ ಗಂಡಂದಿರನ್ನು ನೋಡಿದ್ದಳು. ಬಂದವರೇ ಹೆಂಡತಿಗೆ ಬಾರಿಸಿದವರು, ಬಾಗಿಲಿನಿಂದಲೇ ತಿರುಗಿ ಹೋದವರು. ಅವನು ವಾರ್ಡಿನ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದನ್ನು ಕಂಡು ಅವಳು ಸೊಂಟಕ್ಕೆ ಕೈಕೊಟ್ಟು ದಾರಿಗೆ ಅಡ್ಡ ನಿಂತಳು.

“ಆಕಿನ್ನ ಕೇಳಿ ಬರ್ರಿ ಅಕ್ಕಾರ,” ಎಂದ ಅವನು. “ನಾ ಒಳಗ ಬರ್ಲೇನು ಅಂತ. ಬ್ಯಾಡ ಅಂದ್ರ ಇಲ್ಲೇ ಕುಂದರ್ತೀನಿ.”

ಗದಿಗೆಮ್ಮ ಸೊಂಟದಿಂದ ಕೈ ತೆಗೆದಳು. ಒಳಗೆ ಹೋಗಿ ಕೇಳಿದಳು. ರೇಣುಕಾ ನಾಳೆ ಎಂದಳು. ಅವನು ಒಂದು ರಾತ್ರಿ, ಒಂದು ಹಗಲು ಅಲ್ಲೇ ಬೆಂಚಿನ ಮೇಲೆ ಕೂತಿದ್ದ.

ಸೂಪರ್‌ವೈಸರನ್ನು ಆ ವಾರವೇ ಹಿಡಿದರು. ಮುಂದಿನ ವಾರ ಗದಿಗೆಮ್ಮಳಿಗೆ ಒಂದು ನೋಟಿಸು ಬಂತು. ಕಿರಿಯ ವೈದ್ಯರನ್ನು ಬೆದರಿಸಿ ತನಗೆ ಬೇಕಾದಂತೆ ಬರೆಸಿಕೊಂಡಳು, ಸರ್ಕಾರಿ ಫಾರಂ ಕೆಡಿಸಿದಳು, ರೋಗಿಯ ಕಡೆಯವರನ್ನು ಓಡಿಸಿದಳು. ದೂರಿನ ಕೆಳಗೆ ಸಿಂಚನಾಳ ಸಹಿ. ಗದಿಗೆಮ್ಮಳನ್ನು ಅಂದೇ ನೆಲಮಾಳಿಗೆಗೆ ಹಾಕಿದರು. ಅಲ್ಲಿ ರೋಗಿಗಳಿಲ್ಲ. ಆಪರೇಷನ್ ಕತ್ತರಿ ಚಾಕುಗಳನ್ನು ತೊಳೆದು, ಬೇಯಿಸಿ, ಕಟ್ಟಿ ಮೇಲಕ್ಕೆ ಕಳಿಸುವ ಕೆಲಸ. ಇಪ್ಪತ್ತನಾಲ್ಕು ವರ್ಷ ಸರ್ವಿಸಿನ ಸಿಸ್ಟರು ಹಬೆಯಲ್ಲಿ ನಿಂತು ಚಿಮಟ ಎಣಿಸುವುದು. ಮೌನಪ್ಪ ಮೊದಲ ಸಲ ಬಾಯಿಬಿಟ್ಟು ಸಾಕು ಮಾಡು ಎಂದ. ವಯಸ್ಸಾಗುತ್ತಿದೆ, ಪೆನ್ಷನ್ನಿನ ಕಾಲಕ್ಕೆ ಕೆಲಸ ಕಳೆದುಕೊಳ್ಳಬೇಡ ಎಂದ. ಅವಳು ರೊಟ್ಟಿ ಬಡಿದಳು. ಆ ರಾತ್ರಿಯ ರೊಟ್ಟಿಯನ್ನು ಕೆಳಮನೆಯವರೂ ಎಣಿಸಬಹುದಿತ್ತು ಎಂದು ಮೌನಪ್ಪ ಹೇಳುತ್ತಾನೆ.

ಸಿಂಚನಾ ಒಂದು ಮಧ್ಯಾಹ್ನ ನೆಲಮಾಳಿಗೆಗೆ ಇಳಿದು ಬಂದಳು. ಪರೀಕ್ಷೆಯಲ್ಲಿ ಪಾಸು ಮಾಡುವುದಿಲ್ಲ ಎಂದು ಹೆದರಿಸಿ ಸಹಿ ಹಾಕಿಸಿಕೊಂಡರು ಎಂದು ಅತ್ತಳು. ಗದಿಗೆಮ್ಮ ಅವಳ ಬೆನ್ನು ಸವರಲಿಲ್ಲ, ಕೂರು ಎನ್ನಲಿಲ್ಲ. ಅಳುವುದನ್ನು ಮುಗಿಸಲಿ ಎಂದು ಕಾದಳು. ನನ್ನ ಮುಂದೆ ಅತ್ತರೆ ನಾನು ಮೇಲಿನ ಮಹಡಿಗೆ ಹೋಗುವುದಿಲ್ಲ, ರೇಣುಕಾಳಿಗೂ ಏನೂ ಬರುವುದಿಲ್ಲ ಎಂದಳು. ಒಂದು ದಿನ ಕೋರ್ಟಿನಿಂದ ಕರೆ ಬರುತ್ತದೆ, ಅಲ್ಲಿ ಬಂದು ನಿಜ ಹೇಳು, ಆಮೇಲೆ ನಮ್ಮಿಬ್ಬರ ಮಾತು.

ನೆಲಮಾಳಿಗೆಯಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ. ಅವಳು ದಿನಕ್ಕೊಮ್ಮೆ ಮೆಟ್ಟಿಲು ಹತ್ತಿ ಬಂದು ರೇಣುಕಾಳಿಗೆ ಫೋನು ಮಾಡುತ್ತಿದ್ದಳು. ಮೊದಲಿಗೆ ಗುಳಿಗೆಗಾಗಿ. ಆ ಗುಳಿಗೆಗೆ ವಾಂತಿ ಬರುತ್ತಿತ್ತು, ಅನ್ನ ಸೇರುತ್ತಿರಲಿಲ್ಲ. ಇಪ್ಪತ್ತೆಂಟೂ ದಿನ ಬಿಡದೆ ನುಂಗಿಸಿದಳು. ಗುಳಿಗೆ ಮುಗಿದ ಮೇಲೂ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಫೋನು ಮುಂದುವರಿಯಿತು. ಮಲ್ಲಣ್ಣ ಹೆದರಿಸಿದ್ದರೂ ನಲವತ್ತು ಮಂದಿಯನ್ನು ಯಾರೂ ಓಡಿಸಲಿಲ್ಲ. ಓಡಿಸಿದ್ದು ರೇಣುಕಾ ಮತ್ತು ಗುರುಶಾಂತರನ್ನು ಮಾತ್ರ, ಅದೂ ಮಲ್ಲಣ್ಣನೇ. ಇಬ್ಬರಿಗೂ ಅಮೀರ್‌ಪೇಟ್‌ನ ಒಂದು ಹಾಸ್ಟೆಲಿನಲ್ಲಿ, ಕೋಚಿಂಗಿಗೆ ಬಂದ ಹುಡುಗಿಯರಿಗೆ ಅಡಿಗೆ ಮಾಡುವ ಕೆಲಸ ಸಿಕ್ಕಿತು.

ಹನ್ನೊಂದು ತಿಂಗಳ ಮೇಲೆ ವಿಚಾರಣೆ ನಡೆದು ನೋಟಿಸು ಬಿದ್ದುಹೋಯಿತು. ಹೊಡೆದು ಹಾಕಿದ ಕಲಮುಗಳು ಇರಲೇಬಾರದಿತ್ತು ಎಂದು ವಿಚಾರಣೆಗೆ ಬಂದ ಅಧಿಕಾರಿಯೇ ಬರೆದರು. ಗದಿಗೆಮ್ಮ ತುರ್ತು ವಿಭಾಗಕ್ಕೆ ವಾಪಸಾದಳು. ಯಾರೂ ಕ್ಷಮೆ ಕೇಳಲಿಲ್ಲ.

ಕೋರ್ಟಿನಲ್ಲಿ ಬಾಗಿಲು ಮುಚ್ಚಿ ಕೇಸು ನಡೆಯಿತು. ಮಲ್ಲಣ್ಣ ಸಾಕ್ಷಿ ಹೇಳುವಾಗ ಉಲ್ಟಾ ಹೊಡೆದ, ಅವಳು ಬಿದ್ದಳೆಂದೇ ನನಗೆ ಹೇಳಿದ್ದು ಎಂದ. ಹಾಗಾಗಿ ತೆಲುಗು ಅಕ್ಷರದ ಆ ಕಾಗದದ ಮೇಲೆಯೇ ಎಲ್ಲ ನಿಂತಿತು. ಆ ಕಡೆಯ ವಕೀಲ ಅದನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದ. ಇದು ತೆಲುಗೂ ಅಲ್ಲ, ಕನ್ನಡವೂ ಅಲ್ಲ, ಕನ್ನಡ ಓದಲು ಬಾರದ ನೀವು ಇದನ್ನು ಕನ್ನಡ ಎಂದು ಹೇಗೆ ಹೇಳುತ್ತೀರಿ ಎಂದು ಕೇಳಿದ. ನಮ್ಮವ್ವನ ಮಾತನ್ನು ನಾನು ಓದಿ ಕಲಿತದ್ದಲ್ಲ ಎಂದಳು ಗದಿಗೆಮ್ಮ. ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಎಂದು ಜಡ್ಜಮ್ಮ ಗದರಿಸಿದರು. ನೀವೂ ಅವಳೂ ಒಂದೇ ಕಡೆಯವರು, ಅದಕ್ಕೇ ಇಷ್ಟು ಮುತುವರ್ಜಿ ಅಲ್ಲವೇ ಎಂದು ವಕೀಲ ಕೇಳಿದ. ಅವಳನ್ನು ಕರೆತಂದು ಸುಳ್ಳು ಹೇಳಿದವನೂ ನಮ್ಮ ಕಡೆಯವನೇ ಎಂದಳು. ಈ ಸಲ ಜಡ್ಜಮ್ಮ ಗದರಿಸಲಿಲ್ಲ.

ಕೋರ್ಟು ಕನ್ನಡ ಬಲ್ಲ ಅನುವಾದಕನನ್ನು ಕರೆಸಿತು. ಅವನು ತೆಲುಗು ಅಕ್ಷರಗಳನ್ನು ಒಂದೊಂದೇ ಕೂಡಿಸಿಕೊಂಡು ಗಟ್ಟಿಯಾಗಿ ಓದಿದ. ಸಿಮೆಂಟು, ಬಾಗಿಲು, ಮಿಕ್ಸರ್ ಸಪ್ಪಳ. ಓದುತ್ತ ಅವನ ದನಿ ಸಣ್ಣದಾಯಿತು. ರೇಣುಕಾ ಎರಡು ವರ್ಷದ ಕೆಳಗೆ ಆಡಿದ್ದಕ್ಕೂ, ಹಿಂದಿನ ವಾರ ಅದೇ ಕೋರ್ಟಿನಲ್ಲಿ ಹೇಳಿದ್ದಕ್ಕೂ ವ್ಯತ್ಯಾಸವಿರಲಿಲ್ಲ. ಮರುದಿನ ಸಿಂಚನಾ ಬಂದಳು. ಈಗ ಬೇರೆ ಕಡೆ ಕೆಲಸದಲ್ಲಿದ್ದಳು. ಆ ಕಾಗದ ತನ್ನ ಮುಂದೆಯೇ ಬರೆದದ್ದು, ಸಹಿ ತನ್ನದು, ದೂರಿಗೆ ಸಹಿ ಹಾಕಿದ್ದು ಮಾತ್ರ ಹೆದರಿ ಎಂದು ಹೇಳಿದಳು. ಹೊರಗೆ ಬಂದ ಮೇಲೆ ಗದಿಗೆಮ್ಮ ಅವಳಿಗೆ ಒಂದು ಕಪ್ ಚಹಾ ಕೊಡಿಸಿದಳು.

2025ರ ನಡುವಿನಲ್ಲಿ ತೀರ್ಪು ಬಂತು. ಸೂಪರ್‌ವೈಸರನಿಗೆ ಹತ್ತು ವರ್ಷ. ಅವನು ಹೈಕೋರ್ಟಿಗೆ ಹೋಗಿದ್ದಾನೆ. ಮಲ್ಲಣ್ಣ ಇನ್ನೊಂದು ಸೈಟಿಗೆ ಇನ್ನೊಂದು ಗ್ಯಾಂಗು ತಂದಿದ್ದಾನೆ. ಸೂರ್ಯನಾರಾಯಣ ಅದೇ ತಿಂಗಳು ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ರೋಗಿಗಳ ಬಂಧು ಎಂದು ಹೊಗಳಿದರು, ಹಾರ ಹಾಕಿದರು. ಗದಿಗೆಮ್ಮ ಡ್ಯೂಟಿ ಇದೆ ಎಂದು ಹೋಗಲಿಲ್ಲ. ಡ್ಯೂಟಿ ಇರಲಿಲ್ಲ.

ತೀರ್ಪು ಬಂದ ಮೇಲೆ ರೇಣುಕಾಳಿಗೆ ಫೋನು ಮಾಡಿದಳು. ರೇಣುಕಾ ಎಲ್ಲ ಕೇಳಿಸಿಕೊಂಡು, ಒಂದು ಮಾತು ಹೇಳಬೇಕಿತ್ತು ಎಂದಳು.

“ಇನ್ನ ಫೋನ್ ಮಾಡಬ್ಯಾಡ್ರಿ ಅಕ್ಕಾರ. ನೀವು ಮಾಡಿದ್ದು ನಾ ಮರಿಯೂದಿಲ್ಲ. ಆದ್ರ ನಿಮ್ಮ ದನಿ ಕೇಳಿದ್ರ ಆ ದಿನ ತಿರುಗಿ ಬರತೈತಿ. ಎರಡು ದಿನ ರೊಟ್ಟಿ ಮಾಡಾಕ ಆಗೂದಿಲ್ಲ ನನಗ.”

ಗದಿಗೆಮ್ಮ ಆಗಲಿ ಎಂದಳು. ಫೋನು ಇಟ್ಟ ಮೇಲೆ ಮೊದಲು ನೋವಾಯಿತು. ಇಷ್ಟೆಲ್ಲ ಮಾಡಿದವಳಿಗೆ ಹೀಗನ್ನಬಹುದೇ ಎಂದು ಒಂದು ಗಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಕೆಂಡದಂಥ ಸಿಟ್ಟು ಬಂತು. ಬೇಡ ಎಂದರೆ ನಿಲ್ಲಿಸುತ್ತೇವೆ ಎಂದು ಮಾತು ಕೊಟ್ಟವಳು ತಾನೇ. ಎರಡು ವರ್ಷದಲ್ಲಿ ಒಮ್ಮೆಯೂ, ಫೋನ್ ಮಾಡಲೇ ಎಂದು ಕೇಳಿರಲಿಲ್ಲ. ಈಗ ಅವಳು ಬಂದ ಪ್ರತಿಯೊಬ್ಬಳನ್ನೂ ಕೇಳುತ್ತಾಳೆ. ಫೋನು ಮಾಡಲೇ, ಎಷ್ಟು ದಿನ ಮಾಡಲಿ, ಯಾವಾಗ ನಿಲ್ಲಿಸಲಿ. ಹೊಸ ನರ್ಸುಗಳಿಗೂ ಅದನ್ನು ಕಲಿಸುತ್ತಾಳೆ. ತಾನು ತಪ್ಪು ಮಾಡಿ ಕಲಿತದ್ದು ಎಂಬುದನ್ನೂ ಸೇರಿಸಿಯೇ ಹೇಳುತ್ತಾಳೆ.

ಕಳೆದ ಕಾರ್ತೀಕದಲ್ಲಿ, ಹಾಡಹಗಲು, ಆಟೋದಲ್ಲಿ ಒಬ್ಬಳು ಬಂದಳು. ಮನೆಗೆಲಸದವಳು, ಐವತ್ತರ ಮೇಲೆ ವಯಸ್ಸು. ಅವಳ ಕೈಯಲ್ಲಿ ಒಂದು ಖಾಸಗಿ ಆಸ್ಪತ್ರೆಯ ಚೀಟಿ. ಪೊಲೀಸ್ ಪತ್ರ ಇಲ್ಲದ ಕಾರಣ ಸರ್ಕಾರಿ ಆಸ್ಪತ್ರೆಗೆ ಕಳಿಸಲಾಗಿದೆ ಎಂದು ಅದರಲ್ಲಿ ಬರೆದಿತ್ತು. ಅಲ್ಲಿ ಎರಡು ತಾಸು ಕೂರಿಸಿಕೊಂಡು, ಒಂದು ಲೋಟ ನೀರೂ ಕೊಡದೆ ಕಳಿಸಿದ್ದರು. ಗದಿಗೆಮ್ಮ ಅವಳಿಗೆ ಮಾಡಬೇಕಾದ್ದನ್ನೆಲ್ಲ ಮೊದಲು ಮುಗಿಸಿದಳು. ಮೂರು ಗಂಟೆ ಹಿಡಿಯಿತು. ಅವಳನ್ನು ಮಲಗಿಸಿ, ಒಬ್ಬ ಹೊಸ ನರ್ಸನ್ನು ಪಕ್ಕದಲ್ಲಿ ಕೂರಿಸಿ, ಆ ಚೀಟಿ ಹಿಡಿದುಕೊಂಡು ಮೇಜಿನ ಫೋನಿನ ಬಳಿ ಬಂದಳು.

ಆ ಆಸ್ಪತ್ರೆಯ ರಿಸೆಪ್ಷನಿನ ಹುಡುಗಿ ಯಾರು ಬೇಕು ಎಂದು ಕೇಳಿದಳು. ಬೆಳಿಗ್ಗೆ ಈ ಚೀಟಿ ಬರೆದ ಡಾಕ್ಟರರ ಪೂರ್ತಿ ಹೆಸರು ಬೇಕು, ದೂರಿನಲ್ಲಿ ಬರೆಯಬೇಕಾಗಿದೆ ಎಂದಳು ಗದಿಗೆಮ್ಮ. ಅವರು ರೌಂಡ್ಸಿನಲ್ಲಿದ್ದಾರೆ, ಆಮೇಲೆ ಮಾಡಿ ಎಂದು ಆ ಹುಡುಗಿ ಹೇಳಿದಳು. ಗದಿಗೆಮ್ಮಳ ದನಿ ಇಳಿಯಿತು.

“ಪರವಾಗಿಲ್ಲಮ್ಮ,” ಎಂದಳು, ಕುರ್ಚಿ ಎಳೆದುಕೊಂಡು. “ಬರಲಿ. ನಾನು ಫೋನು ಇಡುವುದಿಲ್ಲ.”